ನಿಮ್ಮ ದೇಹ ಕೊಳಕಾಗಿಲ್ಲ

ನಮಸ್ಕಾರ. ದೇಹದ ಬಗ್ಗೆ ನಾವು ನಂಬಿಕೊಂಡು ಬಂದಿರುವ ತಪ್ಪು ಮಾತುಗಳು ಒಂದೆರಡಲ್ಲ. ಅವುಗಳಲ್ಲಿ ಎಷ್ಟೋ ಮಾತುಗಳಿಂದ ಯಾರಿಗೂ ತೊಂದರೆ ಇಲ್ಲ. ಬೆರಳಿನ ನೆಟಿಗೆ ಮುರಿದರೆ ಸಂಧಿವಾತ ಬರುತ್ತದೆ ಅನ್ನುತ್ತಾರೆ. ಡೊನಾಲ್ಡ್ ಅಂಗರ್ ಎಂಬ ಅಮೆರಿಕದ ವೈದ್ಯರು 60 ವರ್ಷಕ್ಕೂ ಜಾಸ್ತಿ ಕಾಲ ಎಡಗೈಯ ನೆಟಿಗೆ ಮಾತ್ರ ಮುರಿಯುತ್ತಾ ಬಂದರು. ಕೊನೆಗೆ ನೋಡಿದರೆ ಎರಡು ಕೈಗೂ ವ್ಯತ್ಯಾಸವೇ ಇರಲಿಲ್ಲ. ಒಬ್ಬರ ಅನುಭವ ಸಾಕ್ಷಿಯಲ್ಲ, ಸರಿ. ಆದರೆ ಆಮೇಲೆ ಇನ್ನೂರಕ್ಕೂ ಹೆಚ್ಚು ಜನರ ಕೈ ಎಕ್ಸ್‌ರೇ ಹೋಲಿಸಿದಾಗಲೂ ನೆಟಿಗೆಗೂ ಸಂಧಿವಾತಕ್ಕೂ ಸಂಬಂಧ ಸಿಗಲಿಲ್ಲ.

ಶೇವ್ ಮಾಡಿದರೆ ಕೂದಲು ದಪ್ಪ ಬರುತ್ತದೆ ಅನ್ನುವುದೂ ಅಂಥದ್ದೇ. 1928ರಲ್ಲೇ ಇದನ್ನು ಪರೀಕ್ಷಿಸಿ, ಹಾಗೇನಿಲ್ಲ ಎಂದು ತೋರಿಸಿದ್ದಾರೆ. ಚರ್ಮದ ಮೇಲೆ ಕಾಣುವ ಕೂದಲಿಗೆ ಜೀವವಿಲ್ಲ. ಬ್ಲೇಡ್ ತಾಗಿದ್ದು ಬುಡದಲ್ಲಿರುವ ಬೇರಿಗೆ ಗೊತ್ತಾಗುವುದೇ ಇಲ್ಲ. ಇನ್ನು ಮೆದುಳಿನ ಶೇಕಡಾ 10 ಭಾಗವನ್ನು ಮಾತ್ರ ಬಳಸುತ್ತೇವೆ ಅನ್ನುವ ಮಾತು. ದೇಹದ ತೂಕದಲ್ಲಿ ಮೆದುಳಿನ ಪಾಲು ಶೇಕಡಾ 2. ಆದರೆ ದೇಹದ ಶಕ್ತಿಯಲ್ಲಿ ಅದು ತಿನ್ನುವುದು ಶೇಕಡಾ 20. ಸುಮ್ನೆ ಕೂತಿರುವ ಅಂಗಕ್ಕೆ ಇಷ್ಟು ಖರ್ಚು ಯಾವ ದೇಹವೂ ಮಾಡುವುದಿಲ್ಲ.

ಇವನ್ನೆಲ್ಲ ನಂಬಿದವರು ಏನನ್ನೂ ಕಳೆದುಕೊಳ್ಳುವುದಿಲ್ಲ. ನಾನು ಇವತ್ತು ಮಾತಾಡಬೇಕು ಅಂದುಕೊಂಡಿರುವುದು ಬೇರೆ ಜಾತಿಯ ಸುಳ್ಳಿನ ಬಗ್ಗೆ. ಅದು ದುಡ್ಡು ತಿನ್ನುತ್ತದೆ, ಆರೋಗ್ಯ ತಿನ್ನುತ್ತದೆ, ಕೆಲವೊಮ್ಮೆ ಜೀವವನ್ನೂ ತಿನ್ನುತ್ತದೆ. ನಿಮ್ಮ ದೇಹದೊಳಗೆ ವಿಷ ತುಂಬಿಕೊಂಡಿದೆ, ಅದನ್ನು ನಾವು ಹೊರಗೆ ತೆಗೆಯುತ್ತೇವೆ ಅನ್ನುವ ಸುಳ್ಳು. ಡಿಟಾಕ್ಸ್, ಕ್ಲೆನ್ಸ್ ಅಂತ ಅದಕ್ಕೆ ಬೇರೆ ಬೇರೆ ಹೆಸರು. ಜ್ಯೂಸ್, ಪುಡಿ, ಕ್ಯಾಪ್ಸೂಲ್, ಪಾದಕ್ಕೆ ಅಂಟಿಸುವ ಪಟ್ಟಿ, ಕರುಳು ತೊಳೆಯುವ ಪೈಪು, ಎಲ್ಲಾ ರೂಪದಲ್ಲೂ ಅದು ಸಿಗುತ್ತದೆ.

ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಯಾವ ವಿಷ? ಅದರ ಹೆಸರೇನು? ರಕ್ತದಲ್ಲಿ ಮೊದಲು ಎಷ್ಟಿತ್ತು, ನಿಮ್ಮ ಪುಡಿ ಕುಡಿದ ಮೇಲೆ ಎಷ್ಟಾಯಿತು? 2009ರಲ್ಲಿ ಬ್ರಿಟನ್ನಿನ ಯುವ ವಿಜ್ಞಾನಿಗಳ ಗುಂಪೊಂದು ಇದೇ ಪ್ರಶ್ನೆ ಹಿಡಿದು ಹೊರಟಿತು. ಡಿಟಾಕ್ಸ್ ಹೆಸರಲ್ಲಿ ಮಾರುತ್ತಿದ್ದ 15 ಉತ್ಪನ್ನಗಳ ಕಂಪನಿಗಳನ್ನು ಕೇಳಿತು. ಡಿಟಾಕ್ಸ್ ಅಂದರೆ ಏನು ಅನ್ನುವುದಕ್ಕೇ ಒಂದು ಕಂಪನಿಯ ಉತ್ತರ ಇನ್ನೊಂದಕ್ಕೆ ಹೊಂದಲಿಲ್ಲ. ಪುರಾವೆ ಅನ್ನಿಸಿಕೊಳ್ಳುವಂಥದ್ದು ಯಾರ ಹತ್ತಿರವೂ ಇರಲಿಲ್ಲ.

ಹೆಸರಿಲ್ಲದ ವಿಷದಿಂದ ಮಾರುವವರಿಗೆ ದೊಡ್ಡ ಅನುಕೂಲ ಇದೆ. ಹೆಸರಿದ್ದರೆ ಅಳೆಯಬಹುದು. ಅಳೆದರೆ ಸುಳ್ಳು ಗೊತ್ತಾಗುತ್ತದೆ.

ಈಗ ನಿಮ್ಮೊಳಗೆ ನಿಜವಾಗಿ ನಡೆಯುತ್ತಿರುವುದನ್ನು ನೋಡೋಣ. ನೀವು ಈ ವಿಡಿಯೊ ನೋಡಲು ಹತ್ತು ನಿಮಿಷ ತೆಗೆದುಕೊಂಡರೆ, ಅಷ್ಟರಲ್ಲಿ ನಿಮ್ಮ ಎರಡು ಕಿಡ್ನಿಗಳು ರಕ್ತದಿಂದ ಸುಮಾರು ಒಂದೂಕಾಲು ಲೀಟರ್ ದ್ರವವನ್ನು ಸೋಸಿರುತ್ತವೆ. ದಿನಕ್ಕೆ ಲೆಕ್ಕ ಹಾಕಿದರೆ 180 ಲೀಟರ್. ರಕ್ತದ ದ್ರವ ಭಾಗವಾದ ಪ್ಲಾಸ್ಮಾ ಮೂರು ಲೀಟರ್ ಇರಬಹುದು, ಅಷ್ಟೇ. ಅಂದರೆ ಅದೇ ದ್ರವ ದಿನಕ್ಕೆ 60 ಸಲ ಸೋಸಿಕೊಂಡು ಬರುತ್ತದೆ. ಬೇಕಾದ ನೀರು, ಉಪ್ಪು, ಗ್ಲೂಕೋಸ್ ಎಲ್ಲವನ್ನೂ ವಾಪಸ್ ಎಳೆದುಕೊಂಡು, ಬೇಡದ್ದನ್ನು ಮಾತ್ರ ಒಂದೂವರೆ ಲೀಟರ್ ಮೂತ್ರದಲ್ಲಿ ಹೊರಗೆ ಹಾಕುತ್ತವೆ. ನೀವು ನಿದ್ದೆ ಮಾಡುವಾಗಲೂ ಈ ಕೆಲಸ ನಿಲ್ಲುವುದಿಲ್ಲ.

ಲಿವರ್ ಕೆಲಸ ಇನ್ನೂ ಸೂಕ್ಷ್ಮ. ಪ್ರೋಟೀನ್ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಅದು ಮೆದುಳಿಗೆ ವಿಷ. ಲಿವರ್ ಅದನ್ನು ಯೂರಿಯಾ ಮಾಡಿ ಕಿಡ್ನಿಗೆ ಕಳಿಸುತ್ತದೆ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಬರುವ ಬಿಲಿರುಬಿನ್ ಅನ್ನುವ ಹಳದಿ ಬಣ್ಣವನ್ನು ಪಿತ್ತರಸದಲ್ಲಿ ಬೆರೆಸಿ ಕರುಳಿಗೆ ಬಿಡುತ್ತದೆ. ಅದು ಹೊರಗೆ ಹೋಗದೆ ಉಳಿದಾಗ ಕಣ್ಣು ಹಳದಿಯಾಗುತ್ತದೆ. ಅದನ್ನೇ ನಾವು ಕಾಮಾಲೆ ಅನ್ನುತ್ತೇವೆ.

ದೇಹದಲ್ಲಿ ನಿಜವಾಗಿ ವಿಷ ಸೇರಿಕೊಂಡರೆ ಹೇಗಿರುತ್ತದೆ ಅನ್ನುವುದನ್ನು ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತ ಸೋಸುವ ಚಿಕಿತ್ಸೆ, ಮಾಡಿಸಿಕೊಳ್ಳುವವರನ್ನು ಕೇಳಿ. ವಾರಕ್ಕೆ ಮೂರು ದಿನ, ಒಂದೊಂದು ಸಲ ಸುಮಾರು ನಾಲ್ಕು ಗಂಟೆ, ಎರಡು ಸೂಜಿ ಚುಚ್ಚಿಸಿಕೊಂಡು ಮಲಗಬೇಕು. ಅಷ್ಟು ಮಾಡಿದರೂ ಆರೋಗ್ಯವಂತ ಕಿಡ್ನಿಯ ಸಮಕ್ಕೆ ಬರುವುದಿಲ್ಲ. ಈ ಯಂತ್ರದ ಮೊದಲ ರೂಪವನ್ನು ಮಾಡಿದ್ದು ವಿಲೆಮ್ ಕೋಲ್ಫ್ ಎಂಬ ಡಚ್ ವೈದ್ಯರು, 1943ರಲ್ಲಿ. ಎರಡನೇ ಮಹಾಯುದ್ಧ ನಡೆಯುತ್ತಿತ್ತು, ಅವರ ದೇಶ ಜರ್ಮನಿಯ ವಶದಲ್ಲಿತ್ತು. ಕೈಗೆ ಸಿಕ್ಕ ಸೆಲ್ಲೊಫೇನ್ ಕೊಳವೆಯನ್ನು ಒಂದು ಡ್ರಮ್ಮಿಗೆ ಸುತ್ತಿ, ಅದನ್ನು ಉಪ್ಪುನೀರಿನಲ್ಲಿ ತಿರುಗಿಸಿ, ಕೊಳವೆಯೊಳಗೆ ರೋಗಿಯ ರಕ್ತ ಹರಿಸಿದರು. ಮೊದಮೊದಲ ರೋಗಿಗಳಲ್ಲಿ ಬಹುತೇಕರು ಉಳಿಯಲಿಲ್ಲ. ಕೋಲ್ಫ್ ಅದನ್ನು ಮುಚ್ಚಿಡಲಿಲ್ಲ. 1945ರಲ್ಲಿ 67 ವರ್ಷದ ಒಬ್ಬ ಹೆಂಗಸನ್ನು ಪ್ರಜ್ಞೆ ಇಲ್ಲದ ಸ್ಥಿತಿಯಲ್ಲಿ ಕರೆತಂದರು. 11 ಗಂಟೆ ಡಯಾಲಿಸಿಸ್ ಆದ ಮೇಲೆ ಅವರು ಕಣ್ಣು ಬಿಟ್ಟರು. ವಿಷ ತೆಗೆಯುವುದು ಅಂದರೆ ಇದು. ಯೂರಿಯಾ ಎಷ್ಟಿತ್ತು, ಎಷ್ಟಕ್ಕೆ ಇಳಿಯಿತು ಎಂದು ಅಳೆಯಬಹುದಾದ ಕೆಲಸ.

ಆಸ್ಪತ್ರೆಯಲ್ಲಿ ನಡೆಯುವ ಇನ್ನೊಂದು ಡಿಟಾಕ್ಸ್ ಹೇಳುತ್ತೇನೆ. ಪ್ಯಾರಸಿಟಮಾಲ್ ಮಿತಿಮೀರಿ ನುಂಗಿದರೆ ಲಿವರ್ ಸಾಯತೊಡಗುತ್ತದೆ. ಅದಕ್ಕೆ ಅಸಿಟೈಲ್ ಸಿಸ್ಟೀನ್ ಅನ್ನುವ ಮದ್ದಿದೆ. ನುಂಗಿದ ಎಂಟು ಗಂಟೆಯೊಳಗೆ ಕೊಟ್ಟರೆ ಹೆಚ್ಚುಕಡಿಮೆ ಎಲ್ಲರ ಲಿವರ್ ಉಳಿಯುತ್ತದೆ. ಇಲ್ಲಿ ವಿಷಕ್ಕೆ ಹೆಸರಿದೆ, ಮದ್ದಿಗೆ ಲೆಕ್ಕವಿದೆ, ಗಡುವಿದೆ.

ಈಗ ಆ ಪಾದದ ಡಿಟಾಕ್ಸ್ ಟಬ್ಬಿಗೆ ಬರೋಣ. ನೀವೂ ವಿಡಿಯೊದಲ್ಲಿ ನೋಡಿರುತ್ತೀರಿ. ಟಬ್ಬಿನಲ್ಲಿ ಬೆಚ್ಚಗಿನ ನೀರು, ಒಂದು ಚಮಚ ಉಪ್ಪು. ಅದರಲ್ಲಿ ಕಾಲಿಡುತ್ತಾರೆ. ಪಕ್ಕದಲ್ಲಿ ವೈರ್ ಸಿಕ್ಕಿಸಿದ ಲೋಹದ ಸುರುಳಿಯೊಂದನ್ನು ಮುಳುಗಿಸಿ ಸ್ವಿಚ್ ಹಾಕುತ್ತಾರೆ. ಐದು ನಿಮಿಷಕ್ಕೆ ನೀರು ಹಳದಿ, ಹತ್ತು ನಿಮಿಷಕ್ಕೆ ಕಿತ್ತಳೆ, ಅರ್ಧ ಗಂಟೆಗೆ ಕಂದು. ಮೇಲೆ ನೊರೆ, ಅಲ್ಲಲ್ಲಿ ಕಪ್ಪು ಚೂರುಗಳು. ಗೋಡೆಯ ಮೇಲೆ ಚಾರ್ಟು ಬೇರೆ. ಈ ಬಣ್ಣ ಲಿವರಿನಿಂದ ಬಂದದ್ದು, ಈ ಬಣ್ಣ ಕೀಲಿನಿಂದ ಅಂತ. ನೋಡಿದವರಿಗೆ ಮೈ ಜುಮ್ಮೆನ್ನುತ್ತದೆ. ಇದೆಲ್ಲ ನನ್ನೊಳಗಿತ್ತಾ ಅನ್ನಿಸುತ್ತದೆ.

ಅದು ತುಕ್ಕು. ಉಪ್ಪುನೀರಿನಲ್ಲಿ ಕರೆಂಟ್ ಹರಿದಾಗ ಆ ಸುರುಳಿಯ ಕಬ್ಬಿಣ ಕರಗಿ ನೀರಿಗೆ ಸೇರುತ್ತದೆ. ಕಬ್ಬಿಣ, ನೀರು, ಆಮ್ಲಜನಕ ಸೇರಿದರೆ ತುಕ್ಕಿನ ಬಣ್ಣವೇ ಬರುವುದು. ಕಾಲು ಇಡದೆ ಯಂತ್ರ ಹಾಕಿ, ನೀರು ಆಗಲೂ ಕಂದಾಗುತ್ತದೆ. ಈ ಪರೀಕ್ಷೆಯನ್ನು ಯಾರು ಬೇಕಾದರೂ ಕಣ್ಣೆದುರೇ ಮಾಡಿಸಬಹುದು. 2012ರಲ್ಲಿ ಕೆನಡಾದ ಸಂಶೋಧಕರು ಟಬ್ಬಿನ ನೀರನ್ನು ಕಾಲಿಟ್ಟೂ ಕಾಲಿಡದೆಯೂ ಪರೀಕ್ಷಿಸಿ, ಜೊತೆಗೆ ಮೂತ್ರವನ್ನೂ ನೋಡಿ, ದೇಹದಿಂದ ವಿಷ ಹೊರಬಂದ ಗುರುತೇ ಇಲ್ಲ ಎಂದು ಬರೆದರು. ರಾತ್ರಿ ಪಾದಕ್ಕೆ ಅಂಟಿಸಿಕೊಂಡು ಮಲಗುವ ಪಟ್ಟಿಯ ಕತೆಯೂ ಇದೇ. ಬೆವರಿನ ತೇವಕ್ಕೆ ಆ ಪಟ್ಟಿಯೊಳಗಿನ ಪುಡಿ ಕಪ್ಪಾಗುತ್ತದೆ. ನೀರು ಚಿಮುಕಿಸಿದರೂ ಕಪ್ಪಾಗುತ್ತದೆ. ಅಂಥ ಪಟ್ಟಿ ಮಾರುತ್ತಿದ್ದವರ ಮೇಲೆ ಅಮೆರಿಕದ ಗ್ರಾಹಕರ ರಕ್ಷಣೆಯ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲಿ ಕೇಸ್ ಹಾಕಿತು.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಎದುರಿಗೆ ಕೂತಿರುವವರು ಏನೋ ನೋವು ಇಟ್ಟುಕೊಂಡು ಬಂದಿರುತ್ತಾರೆ. ಸುಸ್ತು, ನಿದ್ದೆ ಇಲ್ಲ, ಕೀಲುನೋವು. ಅವರಿಗೆ ತುಕ್ಕಿನ ನೀರು ತೋರಿಸಿ, ನೋಡಿ ನಿಮ್ಮೊಳಗೆ ಇಷ್ಟು ಕೊಳಕಿತ್ತು ಎಂದು ಹೇಳುತ್ತಾರೆ. ಮನೆಗೆ ಹೋಗುವಾಗ ಅವರಿಗೆ ತಮ್ಮ ದೇಹದ ಮೇಲೇ ಅಸಹ್ಯ ಹುಟ್ಟಿರುತ್ತದೆ.

ಆದರೆ ನನಗೆ ಗುಣ ಕಂಡಿತಲ್ಲ ಅನ್ನುತ್ತೀರಾ? ನಿಮ್ಮ ಅನುಭವ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಏಳು ದಿನದ ಡಿಟಾಕ್ಸ್‌ನಲ್ಲಿ ಏನೇನು ಬದಲಾಗುತ್ತದೆ ನೋಡಿ. ಕುಡಿಯುವುದು ಬಿಡುತ್ತೀರಿ. ಕರಿದದ್ದು, ಸಿಹಿ ಬಿಡುತ್ತೀರಿ. ಬೇಗ ಮಲಗುತ್ತೀರಿ. ಇಷ್ಟೇ ಸಾಕು ಹಗುರ ಅನ್ನಿಸಲು. ತೂಕವೂ ಎರಡು ಕೇಜಿ ಇಳಿಯಬಹುದು. ದೇಹ ಗ್ಲೈಕೋಜನ್ ರೂಪದಲ್ಲಿ ಸಕ್ಕರೆಯನ್ನು ಕೂಡಿಟ್ಟುಕೊಂಡಿರುತ್ತದೆ. ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಊಟ ಕಡಿಮೆಯಾದಾಗ ಮೊದಲು ಖರ್ಚಾಗುವುದು ಈ ದಾಸ್ತಾನು, ಜೊತೆಗೆ ನೀರೂ ಹೋಗುತ್ತದೆ. ಊಟ ಶುರು ಮಾಡಿದ ಮೇಲೆ ಎರಡೂ ವಾಪಸ್.

ತಲೆನೋವು ಬಂದರೆ ಅದಕ್ಕೂ ಅವರ ಬಳಿ ಉತ್ತರವಿದೆ. ವಿಷ ಹೊರಗೆ ಹೋಗುತ್ತಿದೆ, ತಡೆದುಕೊಳ್ಳಿ ಅನ್ನುತ್ತಾರೆ. ದಿನಾ ಕಾಫಿ ಕುಡಿಯುವವರು ದಿಢೀರನೆ ಬಿಟ್ಟರೆ ತಲೆನೋವು ಬರುವುದು ಸಾಮಾನ್ಯ, ಅದು ಕೆಫೀನ್ ಇಲ್ಲದ್ದಕ್ಕೆ. ಗುಣವಾದರೆ ಪುಡಿಯ ಮಹಿಮೆ, ಹದಗೆಟ್ಟರೆ ವಿಷ ಹೋಗುತ್ತಿರುವ ಲಕ್ಷಣ. ಏನೇ ಆದರೂ ಅವರೇ ಸರಿ. ಸೋಲುವುದಕ್ಕೆ ದಾರಿಯೇ ಇಲ್ಲದ ಮಾತನ್ನು ನಾನು ನಂಬುವುದಿಲ್ಲ.

ನಮ್ಮ ನಿರೀಕ್ಷೆ ಕೂಡ ಕಣ್ಣಿಗೆ ಮಂಕು ಕವಿಸುತ್ತದೆ. 1994ರಲ್ಲಿ ಒಂದು ಪ್ರಯೋಗ ನಡೆಯಿತು. ಸಕ್ಕರೆ ತಿಂದರೆ ನಮ್ಮ ಮಗ ಹತೋಟಿ ತಪ್ಪುತ್ತಾನೆ ಎಂದು ನಂಬಿದ್ದ ತಾಯಂದಿರನ್ನು ಮಕ್ಕಳ ಜೊತೆ ಕರೆಸಿದರು. ಯಾವ ಮಗುವಿಗೂ ಸಕ್ಕರೆ ಕೊಡಲಿಲ್ಲ. ಆದರೆ ಅರ್ಧ ತಾಯಂದಿರಿಗೆ, ನಿಮ್ಮ ಮಗನಿಗೆ ಸಕ್ಕರೆ ಜಾಸ್ತಿ ಕೊಟ್ಟಿದ್ದೇವೆ ಎಂದರು. ಆ ತಾಯಂದಿರಿಗೆ ಮಗ ತುಂಬಾ ಗಲಾಟೆ ಮಾಡುತ್ತಿರುವಂತೆ ಕಂಡಿತು! ಮಕ್ಕಳನ್ನು ಅಷ್ಟು ಹತ್ತಿರದಿಂದ ಬಲ್ಲ ತಾಯಂದಿರಿಗೇ ಹೀಗಾದರೆ ನಾನು, ನೀವು ಯಾವ ಲೆಕ್ಕ ಅಲ್ವಾ?

ದೇಹದ ಆಮ್ಲ ಕಡಿಮೆ ಮಾಡುತ್ತದೆ ಎಂದು ಮಾರುವ ಆಲ್ಕಲೈನ್ ನೀರಿನ, ಅಂದರೆ ಕ್ಷಾರ ಗುಣದ ನೀರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕುಡಿದ ನೀರು ಮೊದಲು ಹೋಗುವುದು ಹೊಟ್ಟೆಯ ಪ್ರಬಲ ಆಮ್ಲಕ್ಕೆ. ರಕ್ತದ ಪಿಹೆಚ್, ಅಂದರೆ ಆಮ್ಲ-ಕ್ಷಾರದ ಅಳತೆ, 7.35ರಿಂದ 7.45ರೊಳಗೆ ಇರುವಂತೆ ಶ್ವಾಸಕೋಶ ಮತ್ತು ಕಿಡ್ನಿ ನೋಡಿಕೊಳ್ಳುತ್ತವೆ. ನೀರಿನ ಬಾಟಲಿಯಿಂದ ಅದು ಬದಲಾಗುವುದಿಲ್ಲ, ಬದಲಾದರೆ ನಾವು ಬದುಕುವುದೇ ಕಷ್ಟ. ಎಲ್ಲ ಕಾಯಿಲೆಗೂ ಆಮ್ಲವೇ ಕಾರಣ ಎಂದು ಪ್ರಚಾರ ಮಾಡಿ ಹೆಸರಾದ ರಾಬರ್ಟ್ ಯಂಗ್ ಎಂಬಾತ ವೈದ್ಯನೇ ಅಲ್ಲ. ಲೈಸೆನ್ಸ್ ಇಲ್ಲದೆ ವೈದ್ಯಕೀಯ ಮಾಡಿದ್ದಕ್ಕೆ 2016ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆತ ತಪ್ಪಿತಸ್ಥ ಎಂದು ತೀರ್ಪಾಯಿತು. ಅವನ ಬಳಿ ಕ್ಯಾನ್ಸರ್ ಇದ್ದವರೂ ಹೋಗುತ್ತಿದ್ದರು.

ಜೀವ ಹೋಗುವುದು ಹೀಗೆ, ತಡ ಮಾಡುವುದರಿಂದ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ದೂರಕ್ಕೆ ಹರಡದ, ಗುಣಪಡಿಸಬಹುದಾದ ಕ್ಯಾನ್ಸರ್ ಇದ್ದವರ ದಾಖಲೆಗಳನ್ನು ತೆಗೆದು ನೋಡಿದರು. ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಬರೀ ಪರ್ಯಾಯ ಚಿಕಿತ್ಸೆ ಹಿಡಿದವರು 281 ಜನ. ಚಿಕಿತ್ಸೆ ಪಡೆದವರಿಗೆ ಹೋಲಿಸಿದರೆ ಅವರ ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರ್‌ನಲ್ಲಿ ಐದು ಪಟ್ಟಿಗೂ ಜಾಸ್ತಿ. ಈ ಅಂಕಿ ಓದಿದಾಗ ನನಗೆ ಬೇಜಾರಿಗಿಂತ ಸಂಕಟ ಆಗುತ್ತದೆ. ಅವರಲ್ಲಿ ಎಷ್ಟೋ ಜನ ಬದುಕಬಹುದಿತ್ತು.

ವಿಜ್ಞಾನಿಗಳೂ ತಪ್ಪು ಮಾಡಿಲ್ಲವೇ ಎಂದು ಕೇಳುವವರಿದ್ದಾರೆ. ಮಾಡಿದ್ದಾರೆ. ಹೊಟ್ಟೆಯ ಹುಣ್ಣಿಗೆ ಟೆನ್ಷನ್ನೂ ಆಮ್ಲವೂ ಕಾರಣ ಎಂದು ಬಹಳ ವರ್ಷ ವೈದ್ಯರೇ ನಂಬಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅದು ಹೆಚ್ಚಾಗಿ ಒಂದು ಬ್ಯಾಕ್ಟೀರಿಯಾದಿಂದ ಬರುತ್ತದೆ ಎಂದಾಗ ಹೆಚ್ಚಿನವರು ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು. ಎಂಡೋಸ್ಕೋಪಿಯಲ್ಲಿ ಹೊಟ್ಟೆಯ ಒಳಪದರ ಊದಿಕೊಂಡಿದ್ದು ಕಂಡಿತು. ಆಮೇಲೆ ಬೇರೆಯವರೂ ಪರೀಕ್ಷಿಸಿದರು, ಒಪ್ಪಿಕೊಂಡರು, ಚಿಕಿತ್ಸೆಯೇ ಬದಲಾಯಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹಳೆಯ ತಪ್ಪನ್ನು ತಿದ್ದಿದ್ದು ಹೊಸ ಸಾಕ್ಷಿ. ಡಿಟಾಕ್ಸ್ ಮಾರುವವರು ಸಾಕ್ಷಿ ನೋಡಿ ಒಂದು ಉತ್ಪನ್ನವನ್ನಾದರೂ ವಾಪಸ್ ತೆಗೆದುಕೊಂಡಿದ್ದನ್ನು ನಾನು ಕಂಡಿಲ್ಲ.

ಹಾಗಂತ ಸುತ್ತಮುತ್ತ ವಿಷವೇ ಇಲ್ಲ ಅನ್ನುತ್ತಿಲ್ಲ. ಹಳೆಯ ಪೇಂಟಿನಲ್ಲಿ, ಹಳೆಯ ಪೈಪುಗಳಲ್ಲಿ ಸೀಸ ಇರುತ್ತದೆ. ಅದು ಮಕ್ಕಳ ಮೆದುಳಿಗೆ ನಿಜವಾದ ಅಪಾಯ. ಅದಕ್ಕೆ ರಕ್ತ ಪರೀಕ್ಷೆ ಇದೆ. ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ಅದನ್ನು ನಿಲ್ಲಿಸಬೇಕು. ತೀರಾ ಜಾಸ್ತಿ ಇದ್ದರೆ ಆಸ್ಪತ್ರೆಯಲ್ಲಿ ಮದ್ದು ಕೊಡುತ್ತಾರೆ.

ಲಿವರ್, ಕಿಡ್ನಿ ಚೆನ್ನಾಗಿರಬೇಕು ಅನ್ನುವ ಕಾಳಜಿ ನಿಮಗಿದ್ದರೆ ಅದು ಒಳ್ಳೆಯ ಕಾಳಜಿ. ಡಿಟಾಕ್ಸ್‌ಗೆ ಇಟ್ಟ ದುಡ್ಡನ್ನು ಬೇರೆ ಕಡೆ ಹಾಕಿ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿಲ್ಲದಿದ್ದರೆ ಹಾಕಿಸಿಕೊಳ್ಳಿ, ಅದು ಲಿವರ್ ಕ್ಯಾನ್ಸರನ್ನೂ ತಡೆಯುತ್ತದೆ. ಕುಡಿಯುವುದನ್ನು ಕಡಿಮೆ ಮಾಡಿ. ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗಬೇಡಿ. ನೈಸರ್ಗಿಕ ಎಂದು ಬರೆದ ಕ್ಯಾಪ್ಸೂಲ್‌ಗಳ ಬಗ್ಗೆಯೂ ಎಚ್ಚರ ಇರಲಿ. ಗ್ರೀನ್ ಟೀ ಸಾರವನ್ನು ಗಟ್ಟಿ ಮಾಡಿ ತುಂಬಿದ ಕ್ಯಾಪ್ಸೂಲ್‌ಗಳಿಂದ ಲಿವರ್ ಹಾಳಾದ ಪ್ರಕರಣಗಳು ದಾಖಲಾಗಿವೆ. ಶುಗರ್ ಅಥವಾ ಬಿಪಿ ಇರುವವರು ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿ. ಕಿಡ್ನಿ ಕಾಯಿಲೆ ಶುರುವಿನಲ್ಲಿ ನೋವು ಕೊಡುವುದಿಲ್ಲ, ಲಕ್ಷಣ ತೋರಿಸುವುದಿಲ್ಲ. ಅದನ್ನು ಬೇಗ ಹಿಡಿಯಲು ಈ ಎರಡು ಪರೀಕ್ಷೆಗಳೇ ದಾರಿ.