ಗೋಡೆಗೆ ಹಾಕುವ ಥರ್ಮೋಸ್ಟಾಟ್ ನಮ್ಮ ಮನೆಗಲ್ಲ

ನಮಸ್ಕಾರ. ನನ್ನ ಮೇಜಿನ ಮೇಲೆ ದುಂಡಗಿನ, ಹೊಳೆಯುವ, ನೋಡಲು ತುಂಬಾ ಚೆಂದದ ಒಂದು ಪೇಪರ್‌ವೇಟ್ ಇದೆ. ನಿಜವಾಗಿ ಅದು ಮನೆಯ ಬಿಸಿ-ತಂಪನ್ನು ಹಿಡಿತದಲ್ಲಿಡುವ ಸ್ಮಾರ್ಟ್ ಥರ್ಮೋಸ್ಟಾಟ್. ನ್ಯೂಜೆರ್ಸಿಯಿಂದ ಬಂದಾಗ ಭಾವ ತಂದುಕೊಟ್ಟಿದ್ದು.

ನಮ್ಮದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಒನ್ ಬಿಎಚ್‌ಕೆ. ಬೆಡ್‌ರೂಮಿಗೆ ಒಂದು ಟನ್ನಿನ ಸ್ಪ್ಲಿಟ್ ಏಸಿ, ಹಾಲಿಗೆ ಫ್ಯಾನು, ಅಷ್ಟೇ. ಎಲೆಕ್ಟ್ರಿಷಿಯನ್ ಬಂದ, ಅದನ್ನು ತಿರುಗಿಸಿ ಹಿಂದೆ ಆರ್, ಸಿ, ವೈ, ಜಿ ಅಂತ ಬರೆದಿದ್ದ ಪುಟ್ಟ ತೂತುಗಳನ್ನು ನೋಡಿದ, ಟೆಸ್ಟರನ್ನು ವಾಪಸ್ ಜೇಬಿಗೆ ಸಿಕ್ಕಿಸಿಕೊಂಡು "ಸಾಹೇಬ್, ಹೇ ಆಪಲ್ಯಾಕಡೇ ಚಾಲತ್ ನಾಹೀ" (ಇದು ನಮ್ಮ ಕಡೆ ನಡೆಯಲ್ಲ) ಎಂದ. ಚಹಾ ಕುಡಿದು ಹೋದ.

ಸರಿಯಾಗೇ ಹೇಳಿದ್ದ. ಅಮೆರಿಕದಲ್ಲಿ ಎಷ್ಟೋ ಕಡೆ ಇಡೀ ಮನೆಗೆ ಒಂದೇ ಯಂತ್ರ, ಅಲ್ಲಿಂದ ಗೋಡೆಗೆ 24 ವೋಲ್ಟಿನ ಸಣ್ಣ ವೈರುಗಳು ಬಂದಿರುತ್ತವೆ, ಥರ್ಮೋಸ್ಟಾಟ್ ಅಂದರೆ ಆ ವೈರುಗಳ ತುದಿಯಲ್ಲಿ ಕೂತ ಸ್ವಿಚ್ಚು. ನಮ್ಮ ಏಸಿಗೆ ಹೋಗುವುದು 230 ವೋಲ್ಟು. ಥರ್ಮೋಸ್ಟಾಟ್ ಅದರ ಹೊಟ್ಟೆಯೊಳಗೇ ಇದೆ, ಅದು ಕೇಳುವುದು ರಿಮೋಟಿನ ಮಾತು ಮಾತ್ರ.

ಹಾಗಾಗಿ ನಮಗೆ ಬೇಕಾದದ್ದು ಫೋನಿನ ಆ್ಯಪ್ ಹೇಳಿದಂತೆ, ರಿಮೋಟಿನ ಹಾಗೇ ಸಿಗ್ನಲ್ ಕಳಿಸುವ ಒಂದು ಐಆರ್ (ಇನ್‌ಫ್ರಾರೆಡ್) ಡಬ್ಬಿ. ಏಸಿ ಕಂಟ್ರೋಲರ್ ಅಂತಲೂ ಮಾರುತ್ತಾರೆ. ಬಿಸಿ ಅಳೆಯುವ ಸೆನ್ಸರ್ ಇಲ್ಲದ ಡಬ್ಬಿ ಮಾತ್ರ ಕೊಳ್ಳಬೇಡಿ, ಎಷ್ಟೇ ಅಗ್ಗಕ್ಕೆ ಸಿಗಲಿ.

ಯಾಕೆ ಅಂದರೆ ಏಸಿ ಬಿಸಿ ಅಳೆಯುವುದು ಮೇಲೆ, ಸೂರಿನ ಹತ್ತಿರ. ನಾವು ಮಲಗುವುದು ಕೆಳಗೆ, ತಣ್ಣನೆ ಗಾಳಿ ಇಳಿಯುವುದೂ ಕೆಳಗೇ. ಒಂದು ರಾತ್ರಿ ಡಬ್ಬಿಯನ್ನು ದಿಂಬಿನ ಪಕ್ಕದ ಸ್ಟೂಲಿನ ಮೇಲಿಟ್ಟು ನೋಡಿದೆ: ಏಸಿಯಲ್ಲಿ 24, ಸ್ಟೂಲಿನ ಮೇಲೆ 22. ಬೆಳಗಿನ ಜಾವ ಮಗಳು ನನ್ನ ಚಾದರ ಎಳೆದುಕೊಳ್ಳುತ್ತಿದ್ದದ್ದು ಸುಮ್ನೆ ಅಲ್ಲ! ಈಗ ಏಸಿ 26, ಜೊತೆಗೆ ಫ್ಯಾನು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ಕರೆಂಟು ಉಳಿಯುತ್ತದೆ ಅಂತ ಸ್ಟಾರ್ ಲೇಬಲ್ ಕೊಡುವ ಬಿಇಇಯೇ ಹೇಳುತ್ತದೆ. 2020ರಿಂದ ಹೊಸ ಏಸಿಗಳು 24ರಲ್ಲೇ ಶುರುವಾಗಬೇಕು ಅಂತ ನಿಯಮ ಬಂದದ್ದೂ ಅದಕ್ಕೇ. ಸೆನ್ಸರ್ ತೇವವನ್ನೂ ಅಳೆಯಬೇಕು, ಇದು ಮುಂಬೈ ಕಣ್ರೀ. ಜುಲೈಯಲ್ಲಿ ಕಾಡುವುದು ಸೆಕೆಗಿಂತ ಜಾಸ್ತಿ ಆ ಅಂಟಂಟು. ತೇವ ಶೇ. 75 ದಾಟಿದರೆ ಏಸಿಗೆ ತೇವ ತೆಗೆಯುವ ಡ್ರೈ ಮೋಡ್ ಹಾಕು ಅಂತ ಡಬ್ಬಿಗೆ ಹೇಳಿಟ್ಟಿದ್ದೇನೆ, ಹಾಸಿಗೆ ಒದ್ದೆ ಒದ್ದೆ ಅನ್ನಿಸುವುದು ನಿಂತಿದೆ.

ಇನ್ನು ಈ ಡಬ್ಬಿಯ ದೊಡ್ಡ ಕೊರತೆ. ಇದು ಹೇಳುತ್ತದೆ, ಕೇಳುವುದಿಲ್ಲ. ಒಂದು ದಿನ ಎಲ್ಲರೂ ಮದುವೆಗೆ ಹೊರಟಿದ್ದೆವು, ಲೋಕಲ್ ರೈಲು ಠಾಣೆ ಸ್ಟೇಷನ್ ದಾಟುವಾಗ ಆ್ಯಪ್ ನೋಡಿದರೆ ಏಸಿ ಆನ್ ಅಂತಿದೆ. ಆಫ್ ಒತ್ತಿದೆ. ಆದರೆ ಅತ್ತೆ ಹೊರಡುವಾಗಲೇ ರಿಮೋಟಿನಲ್ಲಿ ಆಫ್ ಮಾಡಿದ್ದರು. ನಮ್ಮ ಏಸಿಗೆ ಆನೂ ಆಫೂ ಒಂದೇ ಸಿಗ್ನಲ್ಲು, ಹಾಗಾಗಿ ನಾನು ಒತ್ತಿದ್ದಕ್ಕೆ ಅದು ಶುರುವಾಯಿತು. ಖಾಲಿ ಮನೆ ಏಳು ಗಂಟೆ ತಣ್ಣಗಾಯಿತು. "ನಾನು ಆಫ್ ಮಾಡೇ ಬಂದಿದ್ದೆ, ನಿಮ್ಮ ಸ್ಮಾರ್ಟೇ ಹಾಕಿದ್ದು" ಅಂತ ಅತ್ತೆ ಇವತ್ತಿಗೂ ಹೇಳುತ್ತಾರೆ. ರಿಮೋಟ್ ಒತ್ತಿದ್ದನ್ನೂ ಗಮನಿಸುವ ಮಾಡೆಲ್‌ಗಳಿವೆ, ಸ್ವಲ್ಪ ಜಾಸ್ತಿ ದುಡ್ಡಾದರೂ ಅದನ್ನೇ ಕೊಳ್ಳಿ.

ಸಣ್ಣಪುಟ್ಟವು: ಡಬ್ಬಿಗೂ ಏಸಿಗೂ ನಡುವೆ ಪರದೆ, ಕಪಾಟು ಅಡ್ಡ ಇರಬಾರದು. ವೈಫೈ ಬಹುತೇಕ 2.4 ಗಿಗಾಹರ್ಟ್ಸೇ ಬೇಕು. ಫೋನಿನಿಂದಲೇ ಆನ್-ಆಫ್ ಮಾಡುವ ಸ್ಮಾರ್ಟ್ ಪ್ಲಗ್ ಹಾಕಿ ಓಡುತ್ತಿರುವ ಏಸಿಗೆ ಕರೆಂಟು ಕತ್ತರಿಸುವ ಚಾಳಿ ಬೇಡ.

ಕಂಪನಿ ಕೈಬಿಟ್ಟರೆ? 2025ರ ಅಕ್ಟೋಬರಿನಲ್ಲಿ ಗೂಗಲ್ ತನ್ನ ಮೊದಲೆರಡು ತಲೆಮಾರಿನ ನೆಸ್ಟ್ ಥರ್ಮೋಸ್ಟಾಟ್‌ಗಳನ್ನು ಆ್ಯಪಿನಿಂದ ತೆಗೆದುಹಾಕಿತು. ಅವನ್ನು ಗೋಡೆಯ ಮೇಲೆ ಕೈಯಲ್ಲಾದರೂ ತಿರುಗಿಸಬಹುದು. ನಮ್ಮ ಡಬ್ಬಿಗಳಲ್ಲಿ ಹೆಚ್ಚಿನವಕ್ಕೆ ತಿರುಗಿಸಲು ಏನೂ ಇಲ್ಲ. ಅದಕ್ಕೇ ಮೊನ್ನೆ ಅತ್ತೆಯ ರಿಮೋಟಿಗೆ ಎರಡು ಹೊಸ ಸೆಲ್ ಹಾಕಿ, ಮೊದಲಿನ ಮೊಳೆಗೇ ತೂಗುಹಾಕಿದ್ದೇನೆ.