115 ಗ್ರಾಂ ವಿಮಾನ: ಬ್ಯಾಡ್ಮಿಂಟನ್ ಹಾಲ್ ಒಳಗೆ ಹಾರುವ ಫೋಮ್ ಮಾಡೆಲ್ ಕಟ್ಟೋದು ಹೇಗೆ?

(ದೃಶ್ಯ: ಅಡುಗೆಮನೆ ಟೇಬಲ್. ಚಿಕ್ಕ ಡಿಜಿಟಲ್ ತಕ್ಕಡಿ ಮೇಲೆ ಬಿಳಿ ಫೋಮ್ ವಿಮಾನ. ಅಂಕಿ ಹತ್ತಿರದಿಂದ ಕಾಣಬೇಕು.)

ನೋಡಿ, ಇದು 115 ಗ್ರಾಂ. ಮೋಟರ್, ಬ್ಯಾಟರಿ, ಅಂಟು, ಟೇಪ್, ಎಲ್ಲಾ ಸೇರಿ. ಒಂದು ಸ್ನಾನದ ಸೋಪಿನಷ್ಟು ತೂಕ. ಆದರೆ ರೆಕ್ಕೆ ಈ ತುದಿಯಿಂದ ಆ ತುದಿಗೆ 80 ಸೆಂ.ಮೀ. ಇದೆ.

(ದೃಶ್ಯ: ಅದನ್ನು ತೆಗೆದು ಎರಡನೇ ವಿಮಾನ ಇಡುವುದು. ಮೂತಿ ಮುರಿದಿದೆ.)

ಈಗ ಇದು. ಅದೇ ಡ್ರಾಯಿಂಗ್, ಅದೇ ಅಳತೆ, ಅದೇ ಫೋಮ್. ತಕ್ಕಡಿ ಏನು ಹೇಳುತ್ತಿದೆ? 231 ಗ್ರಾಂ. ನಾನು ಮೊದಲು ಕಟ್ಟಿದ್ದು ಇದನ್ನೇ. ಚೆನ್ನಾಗಿಯೇ ಮೇಲೆದ್ದಿತು, ನೇರವಾಗಿ ಹೋಯಿತು, ನಾನು ತಿರುಗಿಸೋಕೆ ರಿಮೋಟ್‌ನ ಸ್ಟಿಕ್ ಎಳೆದೆ, ಅದೂ ತಿರುಗೋಕೆ ಶುರು ಮಾಡಿತು, ಆದರೆ ಆ ತಿರುವು ಮುಗಿಯೋದರೊಳಗೆ ಹಾಲ್‌ನ ಗೋಡೆ ಬಂದುಬಿಟ್ಟಿತು. ಹಗುರ ವಿಮಾನ ಅಂದರೆ ಜಾಸ್ತಿ ಹೊತ್ತು ಹಾರುತ್ತೆ, ಅಷ್ಟೇ ಅಂತ ನಾನು ತಿಳಿದುಕೊಂಡಿದ್ದೆ. ವಿಷಯ ಅದಲ್ಲ. ಒಳಾಂಗಣದಲ್ಲಿ ತೂಕ ಅಂದರೆ ತಿರುವು. ಇವತ್ತಿನ ಇಡೀ ವಿಡಿಯೋ ಈ ಒಂದು ಮಾತಿನ ಸುತ್ತಲೇ ಇರುತ್ತೆ.

ಸ್ವಲ್ಪ ಲೆಕ್ಕ ಮಾಡೋಣ, ಹೆದರಬೇಡಿ, ಸುಲಭ ಇದೆ. ರೆಕ್ಕೆ ಕೊಡುವ ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಅಂದರೆ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಇದನ್ನೇ ತಿರುಗಿಸಿ ನೋಡಿ: ಅದೇ ರೆಕ್ಕೆ ಇಟ್ಟುಕೊಂಡು ತೂಕ ಡಬಲ್ ಮಾಡಿದರೆ, ಬೀಳದೆ ನಿಲ್ಲೋಕೆ ಬೇಕಾದ ವೇಗ 1.4 ಪಟ್ಟು ಆಗುತ್ತದೆ. 115 ಗ್ರಾಂ ವಿಮಾನಕ್ಕೆ ಅಂದಾಜು ಸೆಕೆಂಡಿಗೆ 3.9 ಮೀಟರ್ ಸಾಕು, ನಾವು ನಿಧಾನಕ್ಕೆ ಓಡಿದ ಹಾಗೆ. 231 ಗ್ರಾಂನದಕ್ಕೆ 5.5 ಮೀಟರ್ ಬೇಕು. ಇದೇನು ಮಹಾ ವ್ಯತ್ಯಾಸ ಅನ್ನಿಸುತ್ತೆ ಅಲ್ವಾ? ಆದರೆ ತಿರುಗುವ ಸುತ್ತು ಕೂಡ ವೇಗದ ವರ್ಗಕ್ಕೆ ತಕ್ಕಂತೆ ದೊಡ್ಡದಾಗುತ್ತೆ. ಹಾಗಾಗಿ ತೂಕ ಡಬಲ್ ಆದರೆ ಸುತ್ತೂ ಡಬಲ್.

(ದೃಶ್ಯ: ಬ್ಯಾಡ್ಮಿಂಟನ್ ಕೋರ್ಟ್ ಮೇಲಿನಿಂದ. ಎರಡು ವೃತ್ತಗಳ ಗ್ರಾಫಿಕ್ಸ್.)

ಬ್ಯಾಡ್ಮಿಂಟನ್ ಕೋರ್ಟ್ 13.4 ಮೀಟರ್ ಉದ್ದ, 6.1 ಮೀಟರ್ ಅಗಲ. ವಿಮಾನವನ್ನು 45 ಡಿಗ್ರಿ ವಾಲಿಸಿ, ಸಾಧ್ಯವಾದಷ್ಟು ನಿಧಾನಕ್ಕೆ ತಿರುಗಿಸಿದರೆ, ಹಗುರಾದ್ದು ಸುಮಾರು 4.3 ಮೀಟರ್ ಅಗಲದ ಸುತ್ತು ಹಾಕುತ್ತೆ. ಗೆರೆಯೊಳಗೇ ಮುಗಿಯಿತು. ಭಾರದ್ದಕ್ಕೆ 8.6 ಮೀಟರ್ ಬೇಕು. ಕೋರ್ಟ್ ದಾಟಿ ಆಚೆ. ನಿಜವಾಗಿ ಹಾರಿಸುವಾಗ ಇಷ್ಟು ಅಂಚಿನಲ್ಲಿ ಹಾರಿಸೋಕೆ ಆಗಲ್ಲ, ಎರಡಕ್ಕೂ ಇನ್ನಷ್ಟು ಜಾಗ ಬೇಕಾಗುತ್ತೆ. ಇನ್ನೊಂದು ವಿಷಯ: ಗೋಡೆಗೆ ಹೊಡೆದಾಗ ಭಾರದ್ದರ ಪೆಟ್ಟಿನ ಶಕ್ತಿ ನಾಲ್ಕು ಪಟ್ಟು. ಹಗುರಾದ್ದು ಗೋಡೆಗೆ ತಾಗಿ ಜಾರಿ ಕೆಳಗೆ ಬರುತ್ತೆ, ಎತ್ತಿ ಮತ್ತೆ ಹಾರಿಸಬಹುದು.

ಈ ನಿಧಾನವನ್ನು ತುತ್ತತುದಿಗೆ ತಗೊಂಡು ಹೋದವರೂ ಇದ್ದಾರೆ. ರೊಮೇನಿಯಾದ ಸ್ಲಾನಿಕ್‌ನಲ್ಲಿ ಹಳೆಯ ಉಪ್ಪಿನ ಗಣಿ ಇದೆ, ಒಳಗೆ ಗಾಳಿಯೇ ಅಲ್ಲಾಡದ ದೊಡ್ಡ ದೊಡ್ಡ ಕೋಣೆಗಳು. ಅಲ್ಲಿ ರಬ್ಬರ್ ಸುತ್ತಿ ಬಿಡುವ ವಿಮಾನಗಳ ವಿಶ್ವ ಚಾಂಪಿಯನ್‌ಶಿಪ್ ಹಲವು ಸಲ ನಡೆದಿದೆ. ಆ ವಿಮಾನಗಳ ತೂಕ ಒಂದೂವರೆ ಗ್ರಾಂ ಆಸುಪಾಸು. ಒಂದು ಸಲ ಬಿಟ್ಟರೆ ಅರ್ಧ ಗಂಟೆ ಹತ್ತಿರ ಮೇಲೇ ಇರುತ್ತವೆ. ನೋಡ್ತಾ ಇದ್ದರೆ ಉಸಿರು ಬಿಡೋಕೂ ಭಯ ಆಗುತ್ತೆ.

ನಮ್ಮದು ಅಷ್ಟು ನಾಜೂಕಲ್ಲ, ರಿಮೋಟ್‌ನಲ್ಲಿ ಹಾರುವ ಫೋಮ್ ವಿಮಾನ. ಇದು ಜೋರಾಗಿ ಶುರುವಾಗಿದ್ದು 2000ದ ನಂತರ, ಜರ್ಮನಿ ಕಡೆಯಿಂದ. ಅಲ್ಲಿ ಗೋಡೆಗೆ, ನೆಲಹಾಸಿನ ಕೆಳಗೆ ಚಳಿ ತಡೆಯೋಕೆ ಅಂತ ಡೆಪ್ರಾನ್ ಎಂಬ ತೆಳು ಫೋಮ್ ಹಾಳೆ ಮಾರುತ್ತಿದ್ದರು. ಅದನ್ನು ಕತ್ತರಿಸಿ ಅಡ್ಡ ಒಂದು, ನೇರ ಒಂದು, ಅಧಿಕ ಚಿಹ್ನೆ ಥರ ಜೋಡಿಸಿ ವಿಮಾನ ಮಾಡಿದರು. ಅದೇ ಹೊತ್ತಿಗೆ ಲಿಥಿಯಂ ಪಾಲಿಮರ್ ಬ್ಯಾಟರಿ, ಚಿಕ್ಕ ಬ್ರಷ್‌ಲೆಸ್ ಮೋಟರ್ ಬಂದವು. ಆಮೇಲೆ ಎಫ್‌3ಪಿ ಅನ್ನುವ ಅಂತರರಾಷ್ಟ್ರೀಯ ಸ್ಪರ್ಧಾ ವಿಭಾಗವೇ ಹುಟ್ಟಿತು. ಯುರೋಪಿನವರಿಗೆ ಇದು ಚಳಿಗಾಲದ ಆಟ. ನಮಗೆ ಮಳೆಗಾಲದ್ದು. ಆಷಾಢದ ಗಾಳಿಯಲ್ಲಿ ಪಟ ಹಾರಿಸಬಹುದು, 115 ಗ್ರಾಂ ವಿಮಾನ ಖಂಡಿತ ಆಗಲ್ಲ.

(ದೃಶ್ಯ: ಮೂರು ಹಾಳೆಗಳು ಪಕ್ಕಪಕ್ಕ.)

ಈಗ ಹಾಳೆ ಆರಿಸೋಣ. ತುಂಬಾ ಜನ ತಪ್ಪುವುದು ಇಲ್ಲೇ. ಇದು ಸನ್‌ಬೋರ್ಡ್. ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತೆ, ನೋಡೋಕೆ ನುಣುಪಾಗಿ ಚೆಂದ ಇದೆ, ಆದರೆ ಇದು ಪಿವಿಸಿ. 3 ಮಿ.ಮೀ. ಹಾಳೆಯೇ ಒಂದು ಚದರ ಮೀಟರ್‌ಗೆ ಒಂದು ಕಿಲೋಗಿಂತ ಜಾಸ್ತಿ ತೂಗುತ್ತೆ. ಪಕ್ಕಕ್ಕಿಡಿ. ಇದು ಥರ್ಮೋಕೋಲ್, ಗಣಪತಿ ಮಂಟಪಕ್ಕೆ ಬಳಸುವ ಅದೇ ಹಾಳೆ. ಹಗುರ ಇದೆ, ಆದರೆ ಕಾಳು ಕಾಳು, ತೆಳ್ಳಗೆ ಮಾಡಿದರೆ ಮುರಿಯುತ್ತೆ. ಬಿಸಿ ತಂತಿಯಲ್ಲಿ ಸೀಳಿ ಬಳಸಬಹುದು, ಕಿಟಕಿ ತೆರೆದಿಟ್ಟು ಮಾಡಿ, ಆ ಹೊಗೆ ಒಳ್ಳೆಯದಲ್ಲ. ಮೂರನೆಯದು ಡೆಪ್ರಾನ್ ಜಾತಿಯದು, 3 ಮಿ.ಮೀ. ಚದರ ಮೀಟರ್‌ಗೆ 100ರಿಂದ 120 ಗ್ರಾಂ. ಮೇಲೆ ಕೆಳಗೆ ನುಣುಪಾದ ಚರ್ಮ ಇದೆ ನೋಡಿ, ಗಟ್ಟಿತನ ಬರೋದೇ ಅದರಿಂದ, ಹಾಗಾಗಿ ಸುಮ್ನೆ ಮರಳುಕಾಗದ ಹಾಕಿ ಉಜ್ಜಬೇಡಿ. ಆರ್‌ಸಿ, ಅಂದರೆ ರಿಮೋಟ್ ಕಂಟ್ರೋಲ್ ಆಟಿಕೆಗಳ ಹಾಬಿ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಇಂಥ ಹಾಳೆ ಕೇಳಿ.

ರೆಕ್ಕೆ ಇಷ್ಟು ಚಪ್ಪಟೆಯಾಗಿದೆಯಲ್ಲ, ನಿಜವಾದ ವಿಮಾನದ ಥರ ಮೇಲೆ ಉಬ್ಬು ಬೇಡವಾ ಅಂತ ಕೇಳಬಹುದು. ಬೇಡ. ಇಷ್ಟು ನಿಧಾನದಲ್ಲಿ, ಇಷ್ಟು ಚಿಕ್ಕ ರೆಕ್ಕೆಗೆ ಗಾಳಿ ನಡೆದುಕೊಳ್ಳುವ ರೀತಿಯೇ ಬೇರೆ. ದಪ್ಪ ರೆಕ್ಕೆಯ ಬೆನ್ನಿನಿಂದ ಗಾಳಿ ಬೇಗ ಕಿತ್ತುಕೊಂಡು ಹೋಗುತ್ತೆ. ತೆಳು ಹಾಳೆಯೇ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ, ಮೇಲಾಗಿ ಉಬ್ಬಿನ ತೂಕವೂ ಉಳಿಯಿತು.

(ದೃಶ್ಯ: ಕತ್ತರಿಸುವುದು, ತೀರಾ ಹತ್ತಿರದಿಂದ. ಹಿನ್ನೆಲೆ ಸಂಗೀತ ಬೇಡ, ಬ್ಲೇಡಿನ ಸದ್ದು ಕೇಳಬೇಕು.)

ಹೊಸ ಬ್ಲೇಡ್. ಪೂರ್ತಿ ಹೊಸದು. ಬ್ಲೇಡನ್ನು ನೆಟ್ಟಗೆ ನಿಲ್ಲಿಸದೆ ಹೀಗೆ ಮಲಗಿಸಿ ಹಿಡಿಯಿರಿ, ಸ್ಟೀಲ್ ಸ್ಕೇಲ್ ಒತ್ತಿ, ಮೊದಲ ಎಳೆತದಲ್ಲಿ ಚರ್ಮ ಮಾತ್ರ ಸೀಳಲಿ. ಎರಡನೇ ಎಳೆತಕ್ಕೆ ತುಂಡಾಗುತ್ತೆ. ಕೇಳಿ ಈ ಸದ್ದು, ಸರ್ ಅಂತ ಒಂದೇ ಸಮ. ಈಗ ಹಳೇ ಬ್ಲೇಡಿನಲ್ಲಿ ಎಳೆಯುತ್ತೇನೆ. ಕರ ಕರ ಅಂತು, ನೋಡಿ, ಅಂಚಿನಿಂದ ಚೂರು ಕಿತ್ತು ಬಂತು. ಈ ಸದ್ದು ಬಂದ ಕೂಡಲೇ ಬ್ಲೇಡಿನ ತುದಿ ಮುರಿದು ಹೊಸ ತುದಿ ತನ್ನಿ. ಕಿತ್ತುಹೋದ ಅಂಚನ್ನು ತುಂಬೋಕೆ ಆಮೇಲೆ ಅಂಟು ಸುರಿಯಬೇಕಾಗುತ್ತೆ, ಅದೂ ತೂಕವೇ.

ಹಿಂಜ್‌ಗೆ ಬೇರೆ ಸಾಮಾನು ಬೇಡ. ವಿಮಾನವನ್ನು ವಾಲಿಸೋಕೆ ರೆಕ್ಕೆಯ ಹಿಂದಿನ ಅಂಚಿನಲ್ಲಿ ಆಡುವ ಪಟ್ಟಿ ಇರುತ್ತಲ್ಲ, ಏಲೆರಾನ್, ಅದರ ಅಂಚನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ, ರೆಕ್ಕೆಗೆ ಮತ್ತೆ ಜೋಡಿಸಿಟ್ಟು, ಮೇಲ್ಗಡೆ ಮಾತ್ರ ತೆಳು ಪಾರದರ್ಶಕ ಟೇಪ್ ಒಂದೆಳೆ. ಟೇಪ್ ಹಾಕುವಾಗ ನಡುವೆ ಕೂದಲೆಳೆಯಷ್ಟು ಸಂದು ಬಿಡಿ, ಇಲ್ಲದಿದ್ದರೆ ಬಿಗಿಯಾಗಿ ಅದನ್ನು ಆಡಿಸುವ ಪುಟ್ಟ ಮೋಟರ್‌ಗೆ, ಅಂದರೆ ಸರ್ವೋಗೆ, ಸುಮ್ನೆ ಕಷ್ಟ.

(ದೃಶ್ಯ: ಫೋಮ್ ಚೂರಿನ ಮೇಲೆ ಒಂದು ಹನಿ ಸಾಮಾನ್ಯ ಸೂಪರ್ ಗ್ಲೂ. ತೂತು ಬೀಳುವುದು ಕಾಣಬೇಕು.)

ಅಂಟು. ಸಾಮಾನ್ಯ ಸೂಪರ್ ಗ್ಲೂ ಹಾಕಿದರೆ ನೋಡಿ ಏನಾಯಿತು, ಫೋಮ್ ಕರಗಿ ತೂತಾಯಿತು. ಫೋಮ್‌ಗೆ ಅಂತಲೇ ಬೇರೆ ಸೂಪರ್ ಗ್ಲೂ ಬರುತ್ತೆ, ಲೇಬಲ್ ಓದಿ ತಗೊಳ್ಳಿ, ಆದರೂ ಮೊದಲು ಒಂದು ಚೂರಿನ ಮೇಲೆ ಹಾಕಿ ನೋಡಿ. ಬಿಳಿ ಅಂಟು ಕರಗಿಸಲ್ಲ, ಆದರೆ ಎರಡು ಫೋಮ್ ನಡುವೆ ಗಾಳಿ ಆಡದೆ ಬೇಗ ಒಣಗಲ್ಲ. ಹಾಟ್ ಗ್ಲೂ ಬಗ್ಗೆ ಮಾತ್ರ ಕೈಮುಗಿದು ಹೇಳುತ್ತೇನೆ, ಬೇಡ. ಆ ಭಾರದ ವಿಮಾನದಲ್ಲಿ ಬರೀ ಹಾಟ್ ಗ್ಲೂ 18 ಗ್ರಾಂ ಇತ್ತು. ಹಗುರಾದ್ದರಲ್ಲಿ ಅಂಟು ಒಟ್ಟು 4 ಗ್ರಾಂ. ಟೂತ್‌ಪಿಕ್ ತುದಿಯಲ್ಲಿ ಅದ್ದಿ, ಗೆರೆ ಎಳೆದ ಹಾಗೆ ಹಚ್ಚಿ, ಉಬ್ಬಿ ಬಂದದ್ದನ್ನು ಒರೆಸಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಈ ರೆಕ್ಕೆ ಹಿಡಿದು ಅಲ್ಲಾಡಿಸುತ್ತೇನೆ, ನೋಡಿ, ಬಾಳೆ ಎಲೆ ಥರ ಬಳುಕುತ್ತೆ. ಇದನ್ನು ದಪ್ಪ ಫೋಮ್ ಹಾಕಿ ಗಟ್ಟಿ ಮಾಡಬಹುದು, ತೂಕ ಹೋಯಿತು. ಗಾಳಿಪಟ ನೆನಪು ಮಾಡಿಕೊಳ್ಳಿ. ಕಾಗದಕ್ಕೆ ಏನು ಶಕ್ತಿ ಇದೆ? ಒಂದು ನೆಟ್ಟಗಿನ ಕಡ್ಡಿ, ಒಂದು ಬಿಲ್ಲಿನ ಕಡ್ಡಿ, ಅಷ್ಟೇ. ಇಲ್ಲೂ ಹಾಗೇ. 1 ಮಿ.ಮೀ. ಕಾರ್ಬನ್ ರಾಡ್ ತಗೊಂಡು ರೆಕ್ಕೆಯ ನಡುಭಾಗದಿಂದ ಕೆಳಗೆ ಹೊಟ್ಟೆಯ ಅಂಚಿಗೆ ಓರೆಯಾಗಿ ಕಟ್ಟಿ. ತ್ರಿಕೋನ ಆಯಿತಲ್ಲ, ಹೆಂಚಿನ ಮನೆಯ ಮಾಡಿನ ಥರ. ಚೌಕವನ್ನು ಒತ್ತಿದರೆ ವಾಲುತ್ತೆ, ತ್ರಿಕೋನ ವಾಲಲ್ಲ.

(ದೃಶ್ಯ: ಮೊದಲ ರಾಡ್ ಅಂಟಿಸಿದ ಮೇಲೆ ರೆಕ್ಕೆ ತುದಿ ತಿರುಚುವುದು. ನಂತರ ಎರಡನೇ ರಾಡ್.)

ಒಂದು ರಾಡ್ ಹಾಕಿದಾಗ ಮೇಲೆ ಕೆಳಗೆ ಬಳುಕೋದು ನಿಂತಿತು, ಆದರೆ ತಿರುಚಿದರೆ ಇನ್ನೂ ತಿರುಚುತ್ತೆ. ಹಿಂದಿನಿಂದ ಮುಂದಕ್ಕೆ ಇನ್ನೊಂದು ಓರೆ ರಾಡ್. ಎರಡೂ ಹಾಯುವ ಜಾಗದಲ್ಲಿ ಅರ್ಧ ಹನಿ ಅಂಟು. ಈಗ ತಿರುಚಿ ನೋಡಿ. ಅಲ್ಲಾಡಲ್ಲ! ಎಲ್ಲಾ ಕಡೆ ಸೇರಿ ರಾಡ್ 8 ಗ್ರಾಂ ಮಾತ್ರ. ಅಂಟು ಹಾಕುವ ಮುಂಚೆ ರೆಕ್ಕೆ ಸಮತಟ್ಟಾದ ಟೇಬಲ್ ಮೇಲೆ ಇರಲಿ. ಡೊಂಕಾಗಿ ಅಂಟಿದರೆ ಡೊಂಕಾಗೇ ಉಳಿಯುತ್ತೆ, ವಿಮಾನ ಯಾವತ್ತೂ ಒಂದೇ ಕಡೆ ವಾಲುತ್ತಾ ಇರುತ್ತೆ. ಕಾರ್ಬನ್ ಕತ್ತರಿಸುವಾಗ ಮಾಸ್ಕ್ ಹಾಕಿ, ಒದ್ದೆ ಬಟ್ಟೆ ಹಿಡಿದು ಕತ್ತರಿಸಿ. ಅದರ ಸಿಬಿರು ಚುಚ್ಚಿದರೆ ತೆಗೆಯೋದು ಕಷ್ಟ.

ಎಲೆಕ್ಟ್ರಾನಿಕ್ಸ್ ಬೇಗ ಹೇಳಿಬಿಡುತ್ತೇನೆ. 231 ಗ್ರಾಂ ಆಗಿದ್ದು ಫೋಮ್‌ನಿಂದಲ್ಲ, ಮುಖ್ಯವಾಗಿ ಇದರಿಂದ. ಡ್ರೋನ್ ಕಿಟ್‌ಗಳಲ್ಲಿ ಬರುವ 2212 ಮೋಟರ್ ಸಿಕ್ಕಿತ್ತು, ಹಾಕಿದೆ, ಅದೊಂದೇ 50 ಗ್ರಾಂ ಹತ್ತಿರ. ಅದಕ್ಕೆ ತಕ್ಕ 30 ಆಂಪಿಯರ್ ಇಎಸ್‌ಸಿ, ಅಂದರೆ ಮೋಟರ್ ವೇಗ ನಿಯಂತ್ರಿಸುವ ಸರ್ಕ್ಯೂಟ್, ಅದಕ್ಕೆ ತಕ್ಕ ಮೂರು ಸೆಲ್ ಬ್ಯಾಟರಿ, ಹೀಗೆ ಒಂದು ಭಾರ ಇನ್ನೊಂದನ್ನು ಕರೆದುಕೊಂಡು ಬಂತು. ಹಗುರಾದ್ದರಲ್ಲಿ ಮೋಟರ್ 14 ಗ್ರಾಂ, ಇಎಸ್‌ಸಿ 6, ಸರ್ವೋ ತಲಾ 5 ಗ್ರಾಂನವು ಮೂರು, ರಿಸೀವರ್ 3, ಎರಡು ಸೆಲ್ 300 ಎಂಎಎಚ್ ಬ್ಯಾಟರಿ 20. ಎಲ್ಲಾ ಕಡೆ ಸಿಗುವ ನೀಲಿ 9 ಗ್ರಾಂ ಸರ್ವೋ ಹಾಕಿದರೆ ಅಲ್ಲೇ 12 ಗ್ರಾಂ ಜಾಸ್ತಿ. ಸರ್ವೋದಿಂದ ಬಾಲದ ಕಡೆ ಹೋಗುವ ತಳ್ಳು ಕಡ್ಡಿ, ಪುಶ್‌ರಾಡ್, ತೆಳು ಕಾರ್ಬನ್ನೇ ಇರಲಿ, ಆದರೆ ಪ್ರತಿ 8-10 ಸೆಂ.ಮೀ.ಗೆ ಒಂದು ಚಿಕ್ಕ ಕೊಳವೆ ಚೂರು ಅಂಟಿಸಿ ಅದರೊಳಗೆ ಹಾಯಿಸಿ. ಇಲ್ಲದಿದ್ದರೆ ತಳ್ಳಿದಾಗ ರಾಡ್ ಬಾಗುತ್ತೆ, ಮೂತಿಯನ್ನು ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿ, ಎಲಿವೇಟರ್, ಮಾತು ಕೇಳಲ್ಲ. ಮೋಟರ್ ಎರಡು ಡಿಗ್ರಿ ಬಲಕ್ಕೆ ತಿರುಗಿರಲಿ. ಬ್ಯಾಟರಿ ಚಾರ್ಜ್‌ಗೆ ಹಾಕಿ ಹೊರಗೆ ಹೋಗಬೇಡಿ, 300 ಎಂಎಎಚ್‌ಗೆ 0.3 ಆಂಪಿಯರ್ ಸಾಕು.

(ದೃಶ್ಯ: ಎರಡು ಬೆರಳ ಮೇಲೆ ವಿಮಾನ ನಿಲ್ಲಿಸುವುದು.)

ರೆಕ್ಕೆ ಅಗಲ 22 ಸೆಂ.ಮೀ. ಮುಂದಿನ ಅಂಚಿನಿಂದ ಆರೂವರೆ ಸೆಂ.ಮೀ. ಹಿಂದೆ ಎರಡೂ ಕಡೆ ಬೆರಳಿಟ್ಟು ಎತ್ತಿ. ಮಟ್ಟವಾಗಿ ನಿಲ್ಲಬೇಕು. ಬಾಲ ಇಳಿದರೆ ಮೂತಿಗೆ ನಾಣ್ಯ ಅಂಟಿಸಬೇಡಿ, ಬ್ಯಾಟರಿಯನ್ನು ಮುಂದಕ್ಕೆ ಸರಿಸಿ. ಅದಕ್ಕೇ ನಾನು ಬ್ಯಾಟರಿಯನ್ನು ಕೊನೆಯವರೆಗೂ ಅಂಟಿಸಲ್ಲ.

(ದೃಶ್ಯ: ಹಾಲ್. ಬೆಳಿಗ್ಗೆ. ನೆಟ್ ಇನ್ನೂ ಕಟ್ಟಿಲ್ಲ.)

ಹಾಲ್‌ನವರನ್ನು ಕೇಳಿ, ಯಾರೂ ಆಡದ ಹೊತ್ತು ತಗೊಳ್ಳಿ. ಬ್ಯಾಡ್ಮಿಂಟನ್ ಆಡುವವರು ಶಟಲ್ ಅಲ್ಲಾಡುತ್ತೆ ಅಂತ ಕಿಟಕಿ ಮುಚ್ಚುತ್ತಾರಲ್ಲ, ನಮಗೂ ಅದೇ ಬೇಕು. ಫ್ಯಾನ್ ಇದ್ದರೆ ಆರಿಸಿ. ಒಬ್ಬರೇ ಹೋಗಬೇಡಿ, ಬಾಗಿಲ ಹತ್ತಿರ ಒಬ್ಬರು ನಿಂತಿರಲಿ. ಮೊದಲು ಥ್ರಾಟಲ್ ಅರ್ಧ, ಮೆಲ್ಲಗೆ ಕೈಯಿಂದ ಬಿಡಿ, ತಳ್ಳಬೇಡಿ. ಅದೇ ಹೋಗುತ್ತೆ. ಕೋರ್ಟ್‌ನ ಮಧ್ಯಕ್ಕೆ ಬಂದ ಕೂಡಲೇ ತಿರುವು ಶುರು ಮಾಡಿ, ಗೋಡೆ ಹತ್ತಿರ ಬರಲಿ ಅಂತ ಕಾಯಬೇಡಿ.

ನೋಡಿ, ಈಗ ವಾಲಿತು. ಸೈಡ್ ಗೆರೆ ಒಳಗೇ ಇದೆ. ಸುತ್ತು ಮುಗಿಯಿತು, ನನ್ನ ಮುಂದೆಯೇ ಹೋಗುತ್ತಿದೆ, ಪ್ರೊಪೆಲ್ಲರ್ ಸದ್ದು ಬಿಟ್ಟರೆ ಏನೂ ಕೇಳಿಸಲ್ಲ. ಈಗ ಇನ್ನೊಂದು ಕಡೆಗೆ, ಕನ್ನಡದ ನಾಲ್ಕರ ಗಂಟಿನ ಥರ ಹಾದುಹೋಗಿ ಎರಡನೇ ಸುತ್ತು. 8 ಗಂಟೆಗೆ ಆಡುವವರು ಬರುತ್ತಾರೆ. ಅಷ್ಟರಲ್ಲಿ ಇನ್ನೊಂದು ಬ್ಯಾಟರಿ ಹಾರಿಸಬಹುದು, ಕ್ಯಾಮೆರಾ ಹೀಗೇ ಆನ್ ಇರಲಿ.