ಆಟಿಯ ಮಳೆ, ಮೂರು ಪುಸ್ತಕ, ಬಚ್ಚಲ ಒಲೆ

ಕೇಳಿಸುತ್ತಿದೆಯಾ? ಇದು ನಾನು ಆಮೇಲೆ ಸೇರಿಸಿದ ಸೌಂಡ್ ಅಲ್ಲ. ನಮ್ಮ ಮನೆಯ ಹಂಚಿನ ಮೇಲೆ ಬೀಳುತ್ತಿರುವ ಮಳೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಕಡೆ ಹಗಲೂ ರಾತ್ರಿ ಇದೇ ಸದ್ದು. ತುಳುವಿನಲ್ಲಿ ಆಟಿ, ಮಲಯಾಳಂನಲ್ಲಿ ಕರ್ಕಿಡಕಂ. ಹೆಸರು ಎರಡು, ಒಣಗದ ಬಟ್ಟೆ ಒಂದೇ.

ಈ ಸಲ ಆಟಿ ಮುಗಿಯುವುದರೊಳಗೆ ಮೂರು ಪುಸ್ತಕ ಓದುತ್ತೇನೆ ಅಂತ ಹೊರಟಿದ್ದೆ. ಅದಕ್ಕೆ ಕಾರಣ ನನ್ನ ಮಗಳು. ಜೂನ್ 19 ಕೇರಳದಲ್ಲಿ ವಾಚನಾ ದಿನ. ಊರೂರಿಗೂ ಒಂದು ಗ್ರಂಥಾಲಯ ಆಗಬೇಕು ಅಂತ ಓಡಾಡಿದ ಪಿ. ಎನ್. ಪಣಿಕ್ಕರ್ 1995ರಲ್ಲಿ ತೀರಿಕೊಂಡದ್ದು ಅದೇ ದಿನ. ಅವತ್ತು ಶಾಲೆಯಿಂದ ಬಂದವಳು ಒಂದು ನೋಟ್‌ಬುಕ್ ತೋರಿಸಿದಳು. ಓದಿದ್ದನ್ನೆಲ್ಲ ಅದರಲ್ಲಿ ಬರೆಯಬೇಕಂತೆ. ಬರೆಯುತ್ತಾ ಬರೆಯುತ್ತಾ, "ಅಮ್ಮಾ, ಈ ವರ್ಷ ನೀನು ಎಂತ ಓದಿದೆ?" ಅಂತ ಕೇಳಿದಳು. ತುಂಬಾ ಯೋಚಿಸಿದೆ. ಗೊಬ್ಬರದ ಚೀಲದ ಮೇಲೆ ಬರೆದದ್ದು ಓದಿದ್ದೆ. ಕರೆಂಟ್ ಬಿಲ್ಲು ಓದಿದ್ದೆ. ಅಷ್ಟೇ.

ಇದು ನಾನು ಹೋದ ವಾಚನಾಲಯ. ಒಳಗೆ ಶೂಟ್ ಮಾಡಲಿಲ್ಲ, ಓದುತ್ತಾ ಕೂತವರಿಗೆ ತೊಂದರೆ ಆಗುತ್ತದೆ ಅಲ್ವಾ. ಮಲಯಾಳಂ ಪುಸ್ತಕಗಳು ಗೋಡೆ ತುಂಬಾ. ಕನ್ನಡಕ್ಕೆ ಮೂಲೆಯಲ್ಲಿ ಒಂದು ಕಪಾಟು, ಅದಕ್ಕೊಂದು ಬೀಗ. ಬೀಗದ ಕೈ ಯಾರ ಹತ್ತಿರ ಉಂಟು ಅಂತ ಗೊತ್ತಾಗಲು ಮೂರು ಸಲ ಹೋಗಬೇಕಾಯಿತು. ಕೋಪ ಬಂದದ್ದು ನಿಜ. ಆದರೆ ಆ ಕಪಾಟಿನಿಂದ ಕಳೆದ ಐದಾರು ವರ್ಷಗಳಲ್ಲಿ ಎಷ್ಟು ಜನ ಪುಸ್ತಕ ತೆಗೆದುಕೊಂಡು ಹೋಗಿದ್ದಾರೆ ಅಂತ ರಿಜಿಸ್ಟರ್ ನೋಡಿದ ಮೇಲೆ, ಯಾರ ಮೇಲೆ ಕೋಪ ಮಾಡುವುದು ಅಂತ ಸುಮ್ಮನಾದೆ. ನಾನೂ ಆ ಪಟ್ಟಿಯಲ್ಲಿ ಇರಲಿಲ್ಲ.

ಮೂರನ್ನೂ ನಮ್ಮ ಜಿಲ್ಲೆಯವರದ್ದೇ ಆರಿಸಿದೆ. ಕಯ್ಯಾರ ಕಿಞ್ಞಣ್ಣ ರೈಗಳ ಆತ್ಮಕಥೆ 'ದುಡಿತವೇ ನನ್ನ ದೇವರು'. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. ಮತ್ತೆ ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ'.

ಮೊದಲ ವಾರ ಒಂದು ಪುಟವೂ ಆಗಲಿಲ್ಲ. ನೋಡಿ, ಈ ಕ್ಲಿಪ್ ಅದೇ ವಾರದ್ದು. ಎರಡು ದಿನ ಮಳೆ ಬಿಟ್ಟಿತು, ಕೂಡಲೇ ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸುಣ್ಣ ಕಲಸಿ ಸೋಸುವ ಕೆಲಸ ನನ್ನದು. ಇದು ತಪ್ಪಿದರೆ ಕೊಳೆರೋಗ ಬಂದು ಎಳೆ ಅಡಿಕೆಯೆಲ್ಲ ಮರದ ಬುಡದಲ್ಲಿ. ಮರ ಹತ್ತುವವರು ಸಿಗುವುದಿಲ್ಲ, ಹಾಗಾಗಿ ಇವರು ಉದ್ದದ ದೋಟಿ ಹಿಡಿದು ನೆಲದಿಂದಲೇ ಬಿಡುವುದು. ಸಂಜೆ ಕುತ್ತಿಗೆ ತಿರುಗಿಸಲಿಕ್ಕೇ ಆಗುವುದಿಲ್ಲ ಅವರಿಗೆ.

ಮೂರನೇ ದಿನ ಮಳೆ ಮತ್ತೆ ಶುರು. ಹಲಸಿನ ಮರದ ಗೆಲ್ಲು ತಂತಿಯ ಮೇಲೆ ಬಿದ್ದು ಕರೆಂಟೂ ಹೋಯಿತು. ಕಪಾಟಿನಿಂದ ತಂದ ಪುಸ್ತಕಗಳಿಗೆ ಆಗಲೇ ತೆಳ್ಳಗೆ ಬೂಷ್ಟು. ಒರೆಸಿ, ಬಚ್ಚಲ ಒಲೆಯ ಹತ್ತಿರ ಬಟ್ಟೆಗಳ ಜೊತೆಗೇ ಹಗ್ಗದ ಮೇಲೆ ನೇತು ಹಾಕಿದೆ. ಮಗಳ ಯೂನಿಫಾರ್ಮ್, ಪಕ್ಕದಲ್ಲಿ ಕಿಞ್ಞಣ್ಣ ರೈಗಳು. ನಗಬೇಡಿ, ಆಟಿಯಲ್ಲಿ ನಮ್ಮ ಮನೆಯಲ್ಲಿ ಬೆಚ್ಚಗಿನ ಜಾಗ ಅದೊಂದೇ.

ಅಲ್ಲಿಗೆ ಅತ್ತೆ ಬಂದು ಕೂತರು. ಅವರಿಗೆ ಕಣ್ಣಿನ ಪೊರೆ ತೆಗೆಸಿ ಎರಡು ವಾರ ಆಗಿತ್ತು. ಬಗ್ಗಬಾರದು, ಓದಬಾರದು, ಹೊಗೆಯ ಹತ್ತಿರವೂ ಹೋಗಬಾರದು. ಕೊನೆಯದ್ದನ್ನು ಅವರು ಕಿವಿಗೇ ಹಾಕಿಕೊಂಡಿಲ್ಲ. ತೋಟದ ಆಚೆಯ ಮನೆಯಿಂದ ರಾಮಾಯಣ ಓದುವುದು ಕೇಳಿಸುತ್ತಿತ್ತು. ಕರ್ಕಿಡಕಂ ಪೂರ್ತಿ ದಿನಾ ಸಂಜೆ ದೀಪ ಹಚ್ಚಿ ಮಲಯಾಳಂ ಕವಿ ಎಳುತ್ತಚ್ಛನ್ನರ ಅಧ್ಯಾತ್ಮ ರಾಮಾಯಣ ಓದುತ್ತಾರೆ ಅವರು. ಅತ್ತೆ ಸ್ವಲ್ಪ ಹೊತ್ತು ಕೇಳಿ, "ಇಲ್ಲಿಯೂ ಓದಿಕೊಂಡಿದ್ದರು. ನಿನ್ನ ಮಾವ ಜೈಮಿನಿ ಭಾರತ ಓದುವುದು, ನಾವು ಹಲಸಿನ ಬೀಜ ಸುಲಿಯುವುದು. ನೀನು ಮನಸ್ಸಿನಲ್ಲೇ ಓದಿದರೆ ನನಗೆ ಎಂತ ಸಿಕ್ಕಿತು? ದೊಡ್ಡದಾಗಿ ಓದು" ಅಂದರು.

ಓದಿದೆ. ಮೊದಲ ಅರ್ಧ ಗಂಟೆಯಲ್ಲೇ ಗಂಟಲು ಕಟ್ಟಿತು. ಶಾಲೆ ಬಿಟ್ಟ ಮೇಲೆ ನಾನು ಗಟ್ಟಿಯಾಗಿ ಏನನ್ನೂ ಓದಿರಲೇ ಇಲ್ಲ, ಗೊತ್ತಾ?

ಕಿಞ್ಞಣ್ಣ ರೈಗಳ ಪುಸ್ತಕ ಅತ್ತೆಯ ಕೈಯಲ್ಲಿ, ಅಂದರೆ ಕಿವಿಯಲ್ಲಿ, ಮುಂದಕ್ಕೇ ಹೋಗುತ್ತಿರಲಿಲ್ಲ. ಪೆರಡಾಲ ಅಂತ ಬಂದರೆ ಸಾಕು, "ನಿಲ್ಲು ನಿಲ್ಲು" ಅನ್ನುತ್ತಾರೆ. ಯಾವ ಹಿತ್ತಲು, ಯಾವ ತೋಡು, ಅಲ್ಲಿ ಈಗ ಯಾರಿದ್ದಾರೆ, ಎಲ್ಲ ಆಗಬೇಕು. ಕಾಸರಗೋಡು ಕೇರಳಕ್ಕೆ ಸೇರಿದ ಮಾತು ಬಂದಾಗ, 1956ರ ನವೆಂಬರ್ 1ರಂದು ನಿಮಗೆ ಎಷ್ಟು ವರ್ಷ ಅಂತ ಕೇಳಿದೆ. "ಆರು. ನನಗೆಂತ ಗೊತ್ತು? ನಿನ್ನೆ ಮದ್ರಾಸು, ಇವತ್ತು ಕೇರಳ ಅಂದರು. ದನ ಅದೇ ಹಟ್ಟಿಯಲ್ಲಿ ಇತ್ತು." ಈ ಮಾತು ಮಾತ್ರ ನಾನು ಮಗಳ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದಿಟ್ಟೆ. ಆಗಸ್ಟ್ 9ಕ್ಕೆ ಈ ಪುಸ್ತಕ ಮುಗಿಸಬೇಕು ಅಂತ ನನಗೆ ಆಸೆ ಇತ್ತು. 1915ರ ಜೂನ್‌ನಲ್ಲಿ ಹುಟ್ಟಿದ ಅವರು ನೂರು ತುಂಬಿಸಿ, 2015ರ ಅದೇ ದಿನ ಹೋದರು. ಮುಗಿಯಲಿಲ್ಲ. ಎರಡು ದಿನ ತಡವಾಯಿತು. ಕವಿ ಅಂತ ಹೊಗಳುವವರು ಜಾಸ್ತಿ. ನನಗೆ ಹಿಡಿಸಿದ್ದು ಮೇಷ್ಟ್ರು ಕೆಲಸ, ಕೃಷಿ, ಹೋರಾಟ ಎಲ್ಲವನ್ನೂ ಒಂದೇ ದಿನದಲ್ಲಿ ಹೇಗೆ ಮಾಡುತ್ತಿದ್ದರೋ ಅನ್ನುವ ಆ ಗದ್ಯ.

ಮಧ್ಯದಲ್ಲಿ ಆಟಿ ಅಮಾವಾಸ್ಯೆ. ಬೆಳಗ್ಗೆ ಖಾಲಿ ಹೊಟ್ಟೆಗೆ ಪಾಲೆ ಕೆತ್ತೆಯ, ಅಂದರೆ ಹಾಲೆ ಮರದ ತೊಗಟೆಯ ಕಷಾಯ. ಮಗಳ ಮುಖ ನೋಡಿ, ಅದಕ್ಕಾಗಿಯೇ ಈ ಕ್ಲಿಪ್ ಹಾಕಿದ್ದು. ಆಮೇಲೆ ಮೆಂತೆ ಗಂಜಿ. ಕತ್ತಿ ತಾಗಿಸದೆ ಕಲ್ಲಿನಲ್ಲಿ ಗುದ್ದಿ ಕೆತ್ತೆ ತೆಗೆಯುವುದು ಪದ್ಧತಿ. ಆದರೆ ದಯವಿಟ್ಟು, ಈ ವಿಡಿಯೋ ನೋಡಿ ಯಾವುದೋ ಮರದ ಕೆತ್ತೆ ತರಬೇಡಿ. ಕತ್ತಲಲ್ಲಿ ಹೋಗಿ ಪಾಲೆ ಬದಲು ಕಾಸರಕನ ಮರಕ್ಕೆ ಕೈ ಹಾಕಿದರೆ ಜೀವಕ್ಕೇ ಅಪಾಯ, ಅದರಲ್ಲಿರುವುದು ವಿಷ. ನಮ್ಮ ಊರಿಗೆ ಕಾಸರಗೋಡು ಅಂತ ಹೆಸರು ಬಂದದ್ದೇ ಆ ಮರದಿಂದ ಅಂತ ಹೇಳುವವರೂ ಇದ್ದಾರೆ. ಮರ ಗೊತ್ತಿರುವವರು ಹಗಲಿನಲ್ಲೇ ನೋಡಿ ಗುರುತು ಮಾಡಿಟ್ಟುಕೊಳ್ಳಬೇಕು.

ಪತ್ರೊಡೆಯೂ ಆಯಿತು, ರೆಸಿಪಿ ಬೇರೆ ವಿಡಿಯೋದಲ್ಲಿ ಹಾಕುತ್ತೇನೆ.

ರೆಡ್ ಅಲರ್ಟ್ ಅಂತ ಶಾಲೆಗೆ ರಜೆ ಕೊಟ್ಟ ದಿನ 'ಚಂದ್ರಗಿರಿಯ ತೀರದಲ್ಲಿ' ಶುರು ಮಾಡಿದೆ. ಸಾರಾ ಅವರ ಮನೆಮಾತು ಮಲಯಾಳಂ, ಕಲಿತದ್ದು ಕನ್ನಡ ಶಾಲೆಯಲ್ಲಿ, ಬರೆದದ್ದು ಕನ್ನಡದಲ್ಲಿ. ಈ ಕಾದಂಬರಿ ಮೊದಲು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಮದುವೆಯಾದ ಮಗಳನ್ನು ಅಪ್ಪ ಹಠ ಹಿಡಿದು ಗಂಡನಿಂದ ಬಿಡಿಸುತ್ತಾನೆ. ಮತ್ತೆ ಆ ಗಂಡನನ್ನೇ ಸೇರಬೇಕಾದರೆ ಅವಳು ಮೊದಲು ಇನ್ನೊಬ್ಬನನ್ನು ಮದುವೆಯಾಗಬೇಕು. ಅತ್ತೆ ಈ ಪುಸ್ತಕಕ್ಕೆ "ನಿಲ್ಲು" ಅನ್ನಲೇ ಇಲ್ಲ. ಒಲೆಗೆ ಸೌದೆ ಹಾಕುವುದನ್ನೂ ಮರೆತರು. ಹಂಡೆಯ ನೀರು ತಣ್ಣಗಾಗಿ ಇವರು ಅಂಗಳದಿಂದ ಕೂಗಿದ ಮೇಲೆಯೇ ನಮಗೆ ಎಚ್ಚರ. ರಾತ್ರಿ ಊಟಕ್ಕೆ ಕೂತಾಗ, ಯಾರೂ ಕೇಳದೇ ಇದ್ದರೂ, "ಆ ಅಪ್ಪನಿಗೆ ಎಂತ ಬಂದದ್ದು ಮಾರಾಯ್ತಿ!" ಅಂದರು. ಇವರು ಗಾಬರಿಯಾಗಿ ನನ್ನ ಮುಖ ನೋಡಿದರು, ಯಾವ ಅಪ್ಪ ಅಂತ.

ಎರಡೇ ದಿನದಲ್ಲಿ ಮುಗಿಯಿತು. ಮುಗಿದ ಮೇಲೆ ಅವರು ಹೇಳಿದ್ದು ಒಂದೇ. ಮದುವೆಯಾದ ಹೊಸದರಲ್ಲಿ ತವರಿಗೆ ಹೋಗಬೇಕು ಅಂತ ಕೇಳಲಿಕ್ಕೆ ಅವರಿಗೆ ನಾಲ್ಕು ತಿಂಗಳು ಬಾಯಿ ಬಂದಿರಲಿಲ್ಲವಂತೆ. ಹದಿನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿ ಇದ್ದೇವೆ ನಾವು. ಇದು ನನಗೆ ಗೊತ್ತಿರಲಿಲ್ಲ. ಆಗ ಕ್ಯಾಮೆರಾ ಆನ್ ಇರಲಿಲ್ಲ, ಒಳ್ಳೆಯದೇ ಆಯಿತು.

ಇನ್ನು 'ಗೊಲ್ಗೊಥಾ'. ಯೇಸುವಿನ ಕೊನೆಯ ದಿನದ ಬಗ್ಗೆ 1937ರಲ್ಲಿ ಬಂದ ಕಾವ್ಯ. ಬುದ್ಧನ ಕೊನೆಯ ದಿನದ ಬಗ್ಗೆಯೂ ಗೋವಿಂದ ಪೈಗಳು 'ವೈಶಾಖಿ' ಬರೆದಿದ್ದಾರೆ. ಮಂಜೇಶ್ವರದ ಮನೆಯಲ್ಲಿ ಕೂತು ಅಲ್ಲಿಯವರೆಗೆ ಹೋಗಿ ಬಂದವರು. ನನಗೆ ಮಾತ್ರ ನಾಲ್ಕು ಪುಟ ದಾಟಲು ಆಗಲಿಲ್ಲ. ಸಾಲಿಗೊಮ್ಮೆ ನಿಘಂಟು ಬೇಕು. "ಅರ್ಥ ಇರಲಿ, ನೀನು ಓದು, ಕೇಳಲಿಕ್ಕೆ ಚಂದ ಉಂಟು" ಅಂದ ಅತ್ತೆ ಐದು ನಿಮಿಷದಲ್ಲಿ ಗೊರಕೆ. ಮಗಳು ನೋಟ್‌ಬುಕ್ಕಿನಲ್ಲಿ "ಅಮ್ಮ: ಎರಡು ಪುಸ್ತಕ, ನಾಲ್ಕು ಪುಟ" ಅಂತ ಬರೆದಿದ್ದಾಳೆ. ಲೆಕ್ಕದಲ್ಲಿ ಭಾರೀ ಖಡಕ್ಕು.

ಇದು ನಿನ್ನೆ ಸಂಜೆಯದ್ದು. ಆಟಿ ಮುಗಿದು ಸೋಣ ಬಂದಿದೆ, ಆಚೆ ಮನೆಯ ರಾಮಾಯಣವೂ ಮುಗಿದಿದೆ. ಕಣ್ಣು ಸರಿಯಾಗಿದೆ, ಇನ್ನು ಓದಬಹುದು ಅಂತ ಡಾಕ್ಟರು ಹೇಳಿದ್ದಾರೆ. ಹೊಸ ಕನ್ನಡಕವೂ ಬಂದಿದೆ. ಹಾಗಾದರೆ ನೀವೇ ಓದಿ ಅತ್ತೆ ಅಂದೆ. ಅವರು ಮಣೆ ಎಳೆದು ಒಲೆಯ ಮುಂದೆ ಕೂತು, "ಕನ್ನಡಕ ಎಲ್ಲಿಟ್ಟೆನೋ, ಸಿಗುತ್ತಾ ಇಲ್ಲ ಮಗಾ, ನೀನೇ ಓದು" ಅಂದರು.

ಹಂಡೆಯ ಪಕ್ಕದ ಕಟ್ಟೆ ನೋಡಿ. ಇನ್ನೂ ಸ್ವಲ್ಪ ಎಡಕ್ಕೆ. ಹಾಂ, ಅಲ್ಲೇ ಇದೆ.